ಹೊಗಳಿಕೆಗೂ ಒಂದು ಚೀಟಿ

ಹೊಸ ಸಾಮಾನು ಕೊಳ್ಳುವ ಮೊದಲು ಪಕ್ಕದ ಮನೆಯಾಕೆಯನ್ನು ಒಂದು ಮಾತು ಕೇಳುವ ಅಭ್ಯಾಸ ನಮ್ಮದು. “ಏನ್ರೀ, ಆ ಕುಕ್ಕರು ಹೇಗಿದೆ? ಬಾಳಿಕೆ ಬರುತ್ತಾ?” ಎಂದು ಕೇಳಿ, ಆಕೆ ಮೂಗು ಮುರಿದರೆ ಅಲ್ಲಿಗೆ ಮುಗಿಯಿತು. ಈಗ ಆ ಪಕ್ಕದ ಮನೆಯಾಕೆ ಮೊಬೈಲಿನೊಳಗೆ ಸೇರಿಕೊಂಡಿದ್ದಾಳೆ. ಗೂಗಲ್‌ನಲ್ಲಿ ಯಾವುದಾದರೂ ಪದಾರ್ಥದ ಹೆಸರು ಹಾಕಿ ನೋಡಿ. ಕೆಲವದರ ಕೆಳಗೆ ಪುಟ್ಟ ನಕ್ಷತ್ರಗಳು, ಪಕ್ಕದಲ್ಲಿ ಅಂಕ, ಇಷ್ಟು ಜನ ಬರೆದಿದ್ದಾರೆಂಬ ಲೆಕ್ಕ. ಇನ್ನು ಕೆಲವು ಬೋಳುಬೋಳು. ನಿಮ್ಮ ಬೆರಳು ಯಾವುದರ ಮೇಲೆ ಬೀಳುತ್ತದೆ, ನೀವೇ ಹೇಳಿ.

ಬೋಳಾಗಿ ಕಂಡದ್ದೆಲ್ಲ ಕಳಪೆ ಎಂದು ಮಾತ್ರ ತಿಳಿಯಬೇಡಿ. ನನ್ನ ಓರಗಿತ್ತಿ ಸಿದ್ದಾಪುರದ ಕಡೆಯ ನಮ್ಮ ಮೂಲಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ಬಲಿತ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಒತ್ತಿ, ಚಾಪೆಯ ಮೇಲೆ ಹರವಿ ಒಣಗಿಸುವ ಕೆಲಸ ಎಂಥದ್ದೆಂದು ಮಾಡಿದವರಿಗೇ ಗೊತ್ತು. ಬೇಸಿಗೆಯಲ್ಲಿ ಮಳೆ ಹನಿದರೆ ಇರಲಿ ಅಂತ ಸ್ವಸಹಾಯ ಸಂಘದ ಸಾಲದಲ್ಲಿ ಒಣಗಿಸುವ ಯಂತ್ರವನ್ನೂ ತಂದಿದ್ದಳು. ತಿಂಗಳಾಯಿತೆಂದರೆ ಕಂತು. ಬಿ.ಸಿ.ಎ. ಓದಿದ ಮಗಳು ಅಮ್ಮನ ಹಪ್ಪಳಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಕೊಂಡವರು ಅಲ್ಲಿಯೇ ನಾಲ್ಕು ಮಾತು ಬರೆದರು. “ಅಜ್ಜಿ ಮನೆ ನೆನಪಾಯ್ತು” ಎಂದು ಒಬ್ಬರು, “ಎಣ್ಣೆ ಹೀರೋದಿಲ್ಲ” ಎಂದು ಇನ್ನೊಬ್ಬರು. ಆದರೆ ಗೂಗಲ್‌ನಲ್ಲಿ ಹುಡುಕುವವರಿಗೆ ಇದರ ಗಂಧಗಾಳಿಯೂ ಇಲ್ಲ. “ಅಕ್ಕಾ, ಹೊಗಳಿಕೆಯೆಲ್ಲ ಜಗಲಿ ದಾಟ್ಲೇ ಇಲ್ಲ ನೋಡಿ. ಡಬ್ಬಿಗಟ್ಟಲೆ ಹಪ್ಪಳ ಅಟ್ಟದ ಮೇಲೆ ಕೂತಿದೆ” ಎಂದು ಫೋನಿನಲ್ಲಿ ಅವಳು ಹೇಳುವಾಗ ದನಿ ನಡುಗುತ್ತಿತ್ತು.

ಯಾಕೆ ಹೀಗೆ? ಆ ಹುಡುಗಿ ನನಗೆ ಹೇಳಿಕೊಟ್ಟಿದ್ದನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ, ಕೇಳಿ. ನಿಮ್ಮ ಗೂಡಿನಲ್ಲಿ ಮೈದಾ, ಅಕ್ಕಿಹಿಟ್ಟು, ಪುಡಿಸಕ್ಕರೆ, ಅಡುಗೆ ಸೋಡಾ ಎಲ್ಲ ಒಂದೇ ಬಗೆಯ ಡಬ್ಬಿಗಳಲ್ಲಿವೆ. ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ನಾಲ್ಕು ದಿನಕ್ಕೆಂದು ಬಂದ ನಾದಿನಿಗೆ ಗೊತ್ತಾಗುವುದು ಹೇಗೆ? ಡಬ್ಬಿಗೊಂದು ಚೀಟಿ ಅಂಟಿಸಿದ್ದರೆ ಸರಿ. ಗೂಗಲ್ ಯಂತ್ರವೂ ಆ ನಾದಿನಿಯ ಹಾಗೆಯೇ. ಪುಟದಲ್ಲಿ ಬರೀ 5 ಎಂದಿದ್ದರೆ ಅದು ಐದು ಕಟ್ಟೋ, ಐದು ದಿನವೋ, ಐದು ಅಂಕವೋ, ಅದಕ್ಕೆ ಖಚಿತವಿಲ್ಲ. ಅದಕ್ಕೇ ಪುಟದ ಹಿಂದೆ, ಓದುವವರ ಕಣ್ಣಿಗೆ ಬೀಳದ ಕಡೆ, ಚೀಟಿ ಅಂಟಿಸಬೇಕು. ಇದು ಮಾರಾಟದ ಪದಾರ್ಥ, ಹೆಸರು ಹಲಸಿನ ಹಪ್ಪಳ. ಇದು ಕೊಂಡವರ ಅಭಿಪ್ರಾಯ, ಬರೆದವರು ಇಂಥವರು, ಕೊಟ್ಟ ಅಂಕ 4, ಪೂರ್ಣ ಅಂಕ 5. ಎಲ್ಲರದೂ ಕೂಡಿಸಿದ ಸರಾಸರಿ ಇಷ್ಟು, ಬರೆದವರು ಒಟ್ಟು ಇಷ್ಟು ಜನ. ಹೀಗೆ ಚೀಟಿ ಹಚ್ಚಿದ ವಿವರಕ್ಕೆ ‘ಸ್ಟ್ರಕ್ಚರ್ಡ್ ಡೇಟಾ’ ಎಂದು ಹೆಸರಂತೆ.

ಗೂಗಲ್ ಈ ನಕ್ಷತ್ರಗಳನ್ನು ತೋರಿಸತೊಡಗಿದ್ದು 2009ರಲ್ಲಿ. 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಮೂವರೂ ಕೂಡಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಒಂದೇ ಪದಪಟ್ಟಿ ಒಪ್ಪಿಕೊಂಡರು. ಪೇಟೆಯ ಎದುರುಬದುರು ಅಂಗಡಿಯವರು ಒಂದೇ ತೂಕದ ಕಲ್ಲಿಗೆ ಒಪ್ಪಿದ ಹಾಗೆ! ಆ ಪಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಚೀಟಿ ಬರೆಯುವ ಕ್ರಮಗಳಲ್ಲಿ ‘ಜೇಸನ್-ಎಲ್‌ಡಿ’ ಎಂಬುದನ್ನು ಗೂಗಲ್ ಶಿಫಾರಸು ಮಾಡುತ್ತದೆ. ಅಡುಗೆ ವಿಧಾನ ಬರೆಯುವವರಿಗೂ ಬೇರೆ ಚೀಟಿಗಳಿವೆ: ಬೇಯುವ ಹೊತ್ತು, ಚಿತ್ರ, ಮಾಡಿ ನೋಡಿದವರು ಕೊಟ್ಟ ಅಂಕ. ಇನ್ನೊಂದು ಸೂಕ್ಷ್ಮ. ಓದುವವರ ಕಣ್ಣಿಗೆ ನೀವು ಅಂದವಾಗಿ ೪.೫ ಎಂದು ಕನ್ನಡ ಅಂಕಿಯಲ್ಲೇ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಹಿಂದಿನ ಚೀಟಿಯಲ್ಲಿ ಮಾತ್ರ 4.5 ಎಂದೇ ಇರಬೇಕು ಎನ್ನುತ್ತದೆ ಆ ಪಟ್ಟಿ. ನನಗಿದು ಅಷ್ಟು ಹಿಡಿಸಲಿಲ್ಲ, ಏನು ಮಾಡುವುದು!

ಚೀಟಿ ಹಚ್ಚುವ ಮಾತು ನಡೆದಿರುವಾಗಲೇ ಒಬ್ಬ ಮಹಾಶಯರು ಓರಗಿತ್ತಿಗೆ ಫೋನ್ ಮಾಡಿದರು. ಯಾರು, ಎಲ್ಲಿಯವರು ಎಂಬುದು ಇಲ್ಲಿ ಬೇಡ. “ನಾಲ್ಕು ಸಾವಿರ ಕೊಡಿ ಮೇಡಂ, ಇನ್ನೂರು ಜನ ಹೊಗಳಿದ ಹಾಗೆ ಬರೆಸಿ ಕೊಡ್ತೀನಿ, ಐದಕ್ಕೆ ಐದು” ಎಂದರಂತೆ. ಓರಗಿತ್ತಿ ನನ್ನನ್ನು ಕೇಳಿದಳು: “ಎಲ್ಲರೂ ಹಾಗೇ ಮಾಡ್ತಾರಂತೆ ಅಕ್ಕಾ. ನಾನೊಬ್ಬಳು ಹರಿಶ್ಚಂದ್ರನ ಮಗಳಾಗಿ ಕೂತರೆ ಸಂಘದವರು ಕಂತು ಬಿಡ್ತಾರಾ?” ಕಂತು ಕಟ್ಟುವವಳು ಅವಳು. ದೂರದ ಸಾಗರದಲ್ಲಿ ಕೂತು ಉಪದೇಶ ಹೇಳಲು ನನಗೆ ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಮಗಳಿಗೆ. “ಆಗೋದಿಲ್ಲ ದೊಡ್ಡಮ್ಮಾ. ಚೀಟಿಯಲ್ಲಿ ಇರೋದು ಪುಟದ ಮೇಲೂ ಕಾಣಬೇಕು. ಬೇರೆ ಸೈಟಿನ ಅಂಕ ತಂದು ಕೂಡಿಸೋ ಹಾಗಿಲ್ಲ. ಬರೆದವರ ಹೆಸರಿನ ಜಾಗದಲ್ಲಿ ‘ಶನಿವಾರದವರೆಗೆ ಅರ್ಧ ಬೆಲೆ’ ಅಂತ ಹಾಕೋ ಹಾಗೂ ಇಲ್ಲ” ಎಂದಳು. ಹಾಗೂ ಹಾಕುವವರಿದ್ದಾರೆಯೇ ಎಂದು ನನಗೆ ನಗು ಬಂತು. ಸುಳ್ಳು ಚೀಟಿ ಸಿಕ್ಕಿಬಿದ್ದರೆ ಗೂಗಲ್ ಆ ಪುಟದ ನಕ್ಷತ್ರ ಕಿತ್ತುಹಾಕುತ್ತದೆ. 2019ರಿಂದ ಇನ್ನೊಂದು ಬಿಗಿಯೂ ಬಂದಿದೆ. ಅಂಗಡಿಯವನು ತನ್ನದೇ ಸೈಟಿನಲ್ಲಿ ತನ್ನ ಅಂಗಡಿಗೆ ನಕ್ಷತ್ರ ಹಚ್ಚಿಕೊಂಡರೆ ತೋರಿಸುವುದಿಲ್ಲ. ಮಾರುವ ಪದಾರ್ಥಕ್ಕೆ ಕೊಂಡವರು ಕೊಟ್ಟ ಅಂಕವಾದರೆ ಅಡ್ಡಿಯಿಲ್ಲ. ನಮ್ಮ ದೇಶದಲ್ಲೂ 2022ರಲ್ಲಿ ಬಿ.ಐ.ಎಸ್. ಸಂಸ್ಥೆ ಐಎಸ್ 19000 ಎಂಬ ಮಾನದಂಡ ತಂದು, ದುಡ್ಡು ಕೊಟ್ಟು ಬರೆಸಿದ ಅಭಿಪ್ರಾಯ ಪ್ರಕಟಿಸಕೂಡದು ಎಂದಿತು.

ಹಾಗಾಗಿ ಹುಡುಗಿ ಇದ್ದದ್ದಕ್ಕೇ ಚೀಟಿ ಹಚ್ಚಿದಳು. ಬರೆದಿದ್ದವರು ಒಟ್ಟು 14 ಜನ. ಒಂಬತ್ತು ಮಂದಿ ಐದು ಕೊಟ್ಟಿದ್ದರು, ನಾಲ್ವರು ನಾಲ್ಕು. ಒಬ್ಬರು ಮಾತ್ರ, “ರುಚಿ ಏನೋ ಇದೆ, ಆದರೆ ಅಂಚೆಯಲ್ಲಿ ಬಂದ ಹಪ್ಪಳ ಅರ್ಧಕ್ಕರ್ಧ ಚೂರು” ಎಂದು ಬೇಸರದಿಂದ ಎರಡೇ ಕೊಟ್ಟಿದ್ದರು. “ಅದೊಂದನ್ನ ತೆಗೆದುಬಿಡೇ” ಎಂದಳು ತಾಯಿ. ತೆಗೆದಿದ್ದರೆ ಸರಾಸರಿ 4.7 ಆಗುತ್ತಿತ್ತು. ಹುಡುಗಿ ತೆಗೆಯಲಿಲ್ಲ, 4.5 ಎಂದೇ ಹಾಕಿದಳು. ತಾಯಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಪೇಟೆಗೆ ಹೋಗಿ ಗಟ್ಟಿ ರಟ್ಟಿನ ಡಬ್ಬಿಗಳನ್ನು ತಂದಳು. ನನ್ನನ್ನು ಕೇಳಿದರೆ ಆ ಎರಡು ನಕ್ಷತ್ರದವರೇ ನಿಜವಾದ ಉಪಕಾರಿ.

ನಿಮ್ಮ ಮನೆಯಲ್ಲೂ ಚಟ್ನಿಪುಡಿಯೋ ಹೊಲಿಗೆಯೋ ಮಾರುವ ಸೈಟ್ ಇದ್ದರೆ, ಮಾಡಿಕೊಟ್ಟವರನ್ನು “ಅಭಿಪ್ರಾಯಕ್ಕೆ ಚೀಟಿ ಹಚ್ಚಿದೆಯಾ?” ಎಂದು ಕೇಳಿ. ಎಷ್ಟೋ ಸೈಟುಗಳಲ್ಲಿ ಅದು ತಾನಾಗಿ ಆಗಿರುತ್ತದೆ. ಗೂಗಲ್‌ನವರದೇ ‘ರಿಚ್ ರಿಸಲ್ಟ್ಸ್ ಟೆಸ್ಟ್’ ಎಂಬಲ್ಲಿ ಪುಟದ ವಿಳಾಸ ಹಾಕಿದರೆ ಸರಿಯೋ ತಪ್ಪೋ ತಿಳಿಯುತ್ತದೆ, ಖರ್ಚಿಲ್ಲ. ಚೀಟಿ ಹಚ್ಚಿದ ಮಾತ್ರಕ್ಕೆ ಹೆಸರು ಮೇಲಕ್ಕೇರುವುದಿಲ್ಲ. ನಕ್ಷತ್ರ ತೋರಿಸಲೇಬೇಕೆಂಬ ಕಟ್ಟುಪಾಡೂ ಗೂಗಲ್‌ಗಿಲ್ಲ.

ಓರಗಿತ್ತಿಯ ಹಪ್ಪಳದ ಕೆಳಗೆ ನಕ್ಷತ್ರ ಕಾಣಿಸಿಕೊಳ್ಳಲು ಕೆಲವು ವಾರ ಹಿಡಿಯಿತು. ನನ್ನ ಫೋನಿನಲ್ಲಿ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಆದರೂ ಅಟ್ಟದ ಮೇಲಿನ ಡಬ್ಬಿಗಳು ಒಂದೊಂದೇ ಇಳಿದವು. ಜೂನ್ ಮಳೆ ಹಿಡಿದ ಮೇಲೆ ಹುಡುಗಿ ಇನ್ನೊಂದು ಚೀಟಿ ಬದಲಿಸಿದಳಂತೆ. ದಾಸ್ತಾನು ಮುಗಿದಿದೆ ಎನ್ನುವುದಕ್ಕೂ ಆ ಪಟ್ಟಿಯಲ್ಲಿ ಒಂದು ಪದ ಇದೆ.