ನಾಯಿಯ ಕಾಲಿಗೆ ಅಂಟು

ಮಕ್ಕಳೇ, ಮೈಮೇಲೆ ನಾಯಿ ಕೂರಿಸಿಕೊಂಡ ವಾದ್ಯವನ್ನು ನೋಡಿದ್ದೀರಾ? ಅದರ ಹೆಸರು ಹರ್ಡಿ-ಗರ್ಡಿ. ಸ್ಪೇನಿನ ಸ್ಯಾಂಟಿಯಾಗೊ ಚರ್ಚಿನ ಸುಮಾರು 800 ವರ್ಷ ಹಳೆಯ ಶಿಲ್ಪದಲ್ಲಿ ಇಬ್ಬರು ಮುದುಕರು ಇದರ ಪೂರ್ವಜನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಫ್ರಾನ್ಸಿನಲ್ಲಿ ಮಗಳ ಮನೆಯಲ್ಲಿದ್ದ ಆರು ತಿಂಗಳಲ್ಲಿ ನನಗೂ ಇದರ ಪರಿಚಯವಾಯಿತು. ಪಕ್ಕದ ಬೀದಿಯಲ್ಲೇ ವಾದ್ಯ ರಿಪೇರಿ ಅಂಗಡಿಯಿತ್ತು. ನನಗೆ ಅಲ್ಲೊಂದು ಸ್ಟೂಲೂ ಇತ್ತು.

ಪಿಟೀಲಿಗೆ ಕಮಾನು ಇದ್ದಂತೆ ಇದಕ್ಕೆ ಮರದ ಚಕ್ರ. ಬಲಗೈಯಲ್ಲಿ ಹಿಡಿ ತಿರುಗಿಸಿದರೆ ರಾಳ ಹಚ್ಚಿದ ಚಕ್ರ ತಂತಿಗಳನ್ನು ಉಜ್ಜುತ್ತದೆ. ಎಡಗೈ ಕೀಲಿ ಒತ್ತಿದರೆ ಸ್ವರ ಬದಲಾಗುತ್ತದೆ. ಕೆಲವು ತಂತಿಗಳು ನಮ್ಮ ತಂಬೂರಿಯಂತೆ ಒಂದೇ ಶ್ರುತಿ ಹಿಡಿದಿರುತ್ತವೆ. ಅಂಥ ಒಂದು ತಂತಿಯ ಕೆಳಗಿನ ಪುಟ್ಟ ಮರದ ತುಂಡಿಗೆ ಫ್ರೆಂಚರು 'ನಾಯಿ' ಎನ್ನುತ್ತಾರೆ. ಅದರ ಒಂದು ಕಾಲು ಸಡಿಲ. ಮಣಿಕಟ್ಟನ್ನು ಚುರುಕಾಗಿ ಜಗ್ಗಿ ತಿರುಗಿಸಿದಾಗ ಆ ಕಾಲು ಹಲಗೆಗೆ ಬಡಿದು ಝರ್ರೆಂದು ತಾಳ ಹಾಕುತ್ತದೆ.

ಒಮ್ಮೆ ವೃದ್ಧರೊಬ್ಬರು ತಮ್ಮ ಅಜ್ಜನ ವಾದ್ಯ ತಂದರು. ಬೇರೆಲ್ಲೋ ರಿಪೇರಿಯಾಗಿ ಬಂದಿದ್ದ ಅದು ಫಳಫಳ ಹೊಳೆಯುತ್ತಿತ್ತು. ಆದರೆ ನಾಯಿ ಬೊಗಳುತ್ತಿರಲಿಲ್ಲ. ಸಡಿಲ ಕಾಲನ್ನು ಕಂಡು, ಕಿತ್ತುಹೋಗಿದೆ ಎಂದುಕೊಂಡು ಯಾರೋ ಅಂಟು ಹಾಕಿದ್ದರು! ಕರುಳಿನ ತಂತಿ ತೆಗೆದು ಬಿಗಿಯಾದ ಉಕ್ಕಿನ ತಂತಿ ಕಟ್ಟಿದ್ದರಿಂದ ತೆಳು ಹಲಗೆ ಕುಗ್ಗಿತ್ತು. ಹಳೆಯ ಕಾಲದ ಚರ್ಮದ ಅಂಟಾದರೆ ಬಿಸಿ, ತೇವ ತಾಗಿಸಿದರೆ ಬಿಡುತ್ತದೆ. ಇದು ಈಗಿನ ಗಟ್ಟಿ ಅಂಟು. ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆದು ತೆಗೆಯಲು ಮೂರು ದಿನ ಹಿಡಿಯಿತು.

ನಾಯಿ ಮತ್ತೆ ಬೊಗಳಿತು. ವೃದ್ಧರು ನಕ್ಕರು. ಆಮೇಲೆ ಮುಚ್ಚಳದ ಅಂಚನ್ನು ಬೆರಳಿನಿಂದ ತಡವಿದರು. ಅಜ್ಜನ ಕೈ ತಾಗಿ ತಾಗಿ ಅಲ್ಲಿ ಮರ ಸವೆದು ನುಣುಪಾಗಿತ್ತಂತೆ. ಮರಳುಕಾಗದದಲ್ಲಿ ಉಜ್ಜಿ ಹೊಸ ವಾರ್ನಿಷ್ ಬಳಿದವರು ಅದನ್ನೂ ಅಳಿಸಿದ್ದರು. ಅದನ್ನು ಮರಳಿ ಕೊಡುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಹಳೆಯ ವಸ್ತುವಿನಲ್ಲಿ ದೋಷದಂತೆ ಕಾಣುವುದೆಲ್ಲ ದೋಷವಲ್ಲ. 18ನೇ ಶತಮಾನದಲ್ಲಿ ವರ್ಸೇಲ್ಸಿನ ಬಾತೋನ್ ಎಂಬ ಕುಶಲಿ ಹಳೆಯ ಗಿಟಾರುಗಳ ಒಡಲಿಗೇ ಚಕ್ರ ಜೋಡಿಸಿ ಹರ್ಡಿ-ಗರ್ಡಿ ಮಾಡಿದ. ಅಂಥದ್ದನ್ನು ಕಂಡು 'ಇದೇನು ಗಿಟಾರಿನ ಮೈ' ಎಂದು ಬದಲಿಸಿದರೆ ಚರಿತ್ರೆಯನ್ನೇ ಕಿತ್ತೆಸೆದಂತೆ.

ಅಜ್ಜ ಅಜ್ಜಿಯರೇ, ನಿಮ್ಮ ಅಟ್ಟದಲ್ಲೂ ಹಾರ್ಮೋನಿಯಮ್ಮೋ ತಂಬೂರಿಯೋ ಇದ್ದೀತು. ರಿಪೇರಿಗೆ ಕೊಡುವ ಮೊದಲು ಮೊಮ್ಮಕ್ಕಳ ಕೈಯಲ್ಲಿ ಫೋಟೋ ತೆಗೆಸಿ. ಯಾರು ನುಡಿಸುತ್ತಿದ್ದರು, ಯಾವ ಕಲೆ ಹೇಗಾಯಿತು ಎಂದು ಹೇಳಿ ಬರೆಸಿ. ಮಕ್ಕಳೇ, ಅಜ್ಜಿ ಮರೆತದ್ದನ್ನು ಕೇಳಿ ಕೇಳಿ ನೆನಪಿಸುವುದು ನಿಮ್ಮ ಕೆಲಸ.