ತಪ್ಪಿನೊಳಗಿನ ವ್ಯಾಕರಣ

ಸತ್ತೇಗಾಲದಂಥ ಊರಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಿಗೆ ದಕ್ಕುವ ದೊಡ್ಡ ಸುಖವೆಂದರೆ, ನನ್ನ ಮಟ್ಟಿಗೆ, ಮಕ್ಕಳ ತಪ್ಪುಗಳನ್ನು ಓದುವುದು. ‘ಐ ಯೆಸ್ಟರ್‌ಡೇ ಭರಚುಕ್ಕಿ ವೆಂಟ್’ ಎಂದು ಎಂಟನೇ ತರಗತಿಯ ಹುಡುಗ ಬರೆದ ಎನ್ನಿ. ಕೆಂಪು ಶಾಯಿಗೆ ಅದು ಬರೀ ತಪ್ಪು. ನಿಧಾನಿಸಿ ನೋಡಿದರೆ, ಕ್ರಿಯಾಪದ ಕೊನೆಗೆ ಬರಬೇಕೆಂಬ ಕನ್ನಡದ ಕಟ್ಟಳೆಯನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ‘ಟು ಮಿ ಫೀವರ್ ಕೇಮ್’ ಎಂದವಳೂ ಅಷ್ಟೆ. ಕನ್ನಡದಲ್ಲಿ ಜ್ವರ, ನಿದ್ದೆ, ಸಿಟ್ಟು ತಾವಾಗಿಯೇ ಬರುತ್ತವೆ. ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ನಿಂತು ಬರಮಾಡಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಅವನೇ ಕರ್ತೃವಾಗಬೇಕು. ಕಲಿಯುವವರ ತಪ್ಪುಗಳು ಅವರು ಒಳಗೊಳಗೇ ಕಟ್ಟಿಕೊಳ್ಳುತ್ತಿರುವ ನಿಯಮಗಳಿಗೆ ಸಾಕ್ಷಿ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ವಾದಿಸಿದ್ದರು. ಆ ಸಾಕ್ಷಿಯನ್ನು ಕೇಳಿಸಿಕೊಳ್ಳುವ ಮೇಷ್ಟರು ಇಂಗ್ಲಿಷ್ ಕಲಿಸುತ್ತಲೇ ಕನ್ನಡವನ್ನೂ ಹೊಸದಾಗಿ ಕಲಿಯುತ್ತಾರೆ. ವರ್ಷವರ್ಷವೂ ಅದೇ ಪಾಠ ಮಾಡಿದರೂ ಹುರುಪು ಬತ್ತದಿರುವುದು ಇದರಿಂದಲೇ.

ಎಸ್ಸೆಸ್ಸೆಲ್ಸಿಯಲ್ಲಿ ಈ ಸೊಗಸಿಗೆ ಯಾರು ಅಂಕ ಕೊಡುತ್ತಾರೆ ಎಂದು ಕೇಳಬಹುದು. ಕೊಡುವುದಿಲ್ಲ, ನಿಜ. ತಿದ್ದಲೇಬೇಕು. ಆದರೆ ತಪ್ಪಿನ ಮೂಲ ತಿಳಿಯದೆ ತಿದ್ದಿದರೆ ಆ ಒಂದು ವಾಕ್ಯವಷ್ಟೇ ಸರಿಹೋಗುತ್ತದೆ, ಮಾರನೆಯ ದಿನ ಅದೇ ತಪ್ಪು ಮತ್ತೆ ಹಾಜರು. ಇದಕ್ಕಿಂತ ತೂಕದ ಆಕ್ಷೇಪಣೆ ಇನ್ನೊಂದಿದೆ: ಊರಿನಲ್ಲಿ ಇಂಗ್ಲಿಷ್ ಕಿವಿಗೆ ಬೀಳುವುದೇ ಅಪರೂಪ, ತರಗತಿಯಲ್ಲೂ ಎರಡು ಭಾಷೆಗಳ ವ್ಯಾಕರಣ ಬಿಡಿಸುತ್ತ ಕೂತರೆ ಮಕ್ಕಳು ಇಂಗ್ಲಿಷ್ ಆಡುವುದು ಯಾವಾಗ? ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗದಲ್ಲಿ ಇದಕ್ಕೆ ದಾರಿಯಿದೆ. ವ್ಯಾಕರಣ ಪಾಠ ಬದಿಗಿಟ್ಟು, ನಕಾಶೆ, ವೇಳಾಪಟ್ಟಿಗಳನ್ನು ಮುಂದಿಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸಿದರು. ಮನಸ್ಸು ಅರ್ಥದ ಹಿಂದೆ ಹೋದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆಂಬ ನಂಬಿಕೆ ಅವರದು. ನಾನು ವ್ಯಾಕರಣವನ್ನು ಪೂರಾ ಬಿಡಲು ಒಪ್ಪೆ, ಆದರೆ ಕೆಲಸ ಮೊದಲು, ವಿವರಣೆ ಆಮೇಲೆ ಎಂಬ ಕ್ರಮ ಒಪ್ಪುತ್ತೇನೆ.

ಅಂಥ ಕೆಲಸ ಹುಡುಕಿ ದೂರ ಹೋಗಬೇಕಿಲ್ಲ: ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದ ಹೊರಗಿನವರಿಗೆ ಭರಚುಕ್ಕಿ ಜಲಪಾತದ ದಾರಿ ಹೇಳಿ ಎಂದರೆ ಸಾಕು. ದಾರಿ ಮಕ್ಕಳಿಗೆ ಅಂಗೈಯಷ್ಟು ಪರಿಚಿತ, ಕೊರತೆ ಇಂಗ್ಲಿಷಿನದು ಮಾತ್ರ. ‘ಟರ್ನ್ ಲೆಫ್ಟ್’, ‘ಕ್ರಾಸ್ ದ ಬ್ರಿಡ್ಜ್’ ಎನ್ನುವಾಗ ಕೊನೆಯಲ್ಲಿ ಕೂರುತ್ತಿದ್ದ ಕ್ರಿಯಾಪದ ಮುಂದಕ್ಕೆ ಬರಲೇಬೇಕು. ಅಲ್ಲಿಗೆ ಯಾವಳೋ ಜಾಣೆ ‘ದ’ ಯಾಕೆ ಸಾರ್ ಎಂದು ಕೇಳಿದರೆ ಮೇಷ್ಟರು ಮತ್ತೆ ವಿದ್ಯಾರ್ಥಿ: ‘ಸೇತುವೆ ದಾಟು’, ‘ಸೇತುವೆಯನ್ನು ದಾಟು’ ಇವೆರಡರ ನಡುವೆ ಆ ‘ಅನ್ನು’ ಮಾಡುತ್ತಿರುವ ಕೆಲಸವೇನೆಂದು ಯೋಚಿಸಿಯೇ ಉತ್ತರ ಕೊಡಬೇಕು.