ಸಕ್ಕರೆ ಕಾರ್ಖಾನೆಯ ಸಂಬಳ

ಆಫೀಸಿನಲ್ಲಿ ಯಾರಾದ್ರೂ "ನಿಮ್ಮೂರು ಯಾವ್ದು?" ಅಂತ ಕೇಳಿದರೆ ನಾನು ಮಂಡ್ಯ ಅಂತಲೇ ಶುರು ಮಾಡ್ತೀನಿ. ಮಾಕವಳ್ಳಿ ಅಂದ್ರೆ ಯಾರಿಗೂ ಗೊತ್ತಾಗಲ್ಲ. ಮಂಡ್ಯ ಅಂದ ಕೂಡಲೇ ಒಬ್ಬರು "ಓ, ಕಬ್ಬು, ಬೆಲ್ಲ, ಮದ್ದೂರು ವಡೆ!" ಅಂತಾರೆ. ಇನ್ನೊಬ್ಬರು "ಮೈಸೂರಿಗೆ ಹೋಗ್ವಾಗ ನೋಡಿದೀನಿ, ಫುಲ್ ಗ್ರೀನು" ಅಂತಾರೆ. ಅವರು ನೋಡಿರೋದು ರಸ್ತೆ ಪಕ್ಕದ ಮಂಡ್ಯ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಅದನ್ನೂ ಸರಿಯಾಗಿ ನೋಡೋಕೆ ಆಗಲ್ಲ, ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ.

ನಮ್ಮದು ಜಿಲ್ಲೆಯ ಮ್ಯಾಪಿನಲ್ಲಿ ಮೇಲುಗಡೆ ಬರುತ್ತೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ. ಕನ್ನಂಬಾಡಿ ಕಟ್ಟೆಯ ಹಿನ್ನೀರು ನಿಲ್ಲೋದು ನಮ್ಮ ತಾಲೂಕಿನ ಹೊಲಗಳ ಮೇಲೆ, ನಾಲೆಯಲ್ಲಿ ಹರಿದುಹೋಗೋದು ಕೆಳಗಿನ ಮಂಡ್ಯ, ಮದ್ದೂರಿಗೆ. ನಾಗಮಂಗಲದ ಕಡೆ ಹೋದರಂತೂ ಕಲ್ಲುಬಂಡೆ, ರಾಗಿ, ಹುರುಳಿ, ಕುರಿಮಂದೆ. "ಅಲ್ಲೇನಿದೆ ನೋಡೋಕೆ?" ಅಂತ ಒಬ್ಬ ಫ್ರೆಂಡು ಕೇಳಿದ. ದೇವಸ್ಥಾನಗಳ ಪಟ್ಟಿ ಹೇಳಬಹುದಿತ್ತು. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಮೇಲುಕೋಟೆ. ಆದರೆ ನನಗೆ ನೆನಪಾಗಿದ್ದು ಮನುಷ್ಯರು.

ನೀವು ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ರ ತಿಂಡಿಗೆ ಅಂತ ಲೋಕರುಚಿಯಲ್ಲಿ ನಿಲ್ಲಿಸ್ತೀರಲ್ಲ, ಅದರ ಜೊತೆಗೇ ಇರೋ ಜಾನಪದ ಲೋಕದೊಳಗೆ ಒಂದ್ಸಲನಾದ್ರೂ ಹೋಗಿದೀರಾ? ಅದನ್ನ ಕಟ್ಟಿದವರು ಎಚ್.ಎಲ್. ನಾಗೇಗೌಡರು, ನಾಗಮಂಗಲ ತಾಲೂಕಿನ ಹೆರಗನಹಳ್ಳಿಯವರು, ಹುಟ್ಟಿದ್ದು 1915ರ ಫೆಬ್ರವರಿಯಲ್ಲಿ. ಅದಕ್ಕೆ ಎರಡು ವಾರ ಮುಂಚೆ, ಜನವರಿ 26ಕ್ಕೆ, ನಮ್ಮ ತಾಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಅಕ್ಕಪಕ್ಕದ ತಾಲೂಕು, ಒಂದೇ ಚಳಿಗಾಲ. ಇನ್ನೂ ಹಿಂದಕ್ಕೆ ಹೋದರೆ 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾಯರು, 1905ರಲ್ಲಿ ಮೇಲುಕೋಟೆಯಲ್ಲಿ ಪು.ತಿ. ನರಸಿಂಹಾಚಾರ್.

ಇವರೆಲ್ಲ ದೊಡ್ಡವರು, ಗೊತ್ತಿರೋದೇ. ನನಗೆ ಆಸಕ್ತಿ ಇರೋದು ಅವರ ಕೆಲಸದ ಬಗ್ಗೆ. ಕೆಲಸ ಅಂದ್ರೆ ನಾವು ಹೇಳ್ತೀವಲ್ಲ ಜಾಬು, ಆ ಕೆಲಸ. ಪು.ತಿ.ನ. ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ಫೈಲು ನೋಡ್ತಿದ್ದವರು. ರಾಧೆ, ಕೃಷ್ಣ, ಗೋಕುಲ ಅಂತ ಬರೆದ ಕವಿ ಹಗಲಿಡೀ ಇದ್ದದ್ದು ಸೈನ್ಯದ ಲೆಕ್ಕಪತ್ರದ ಮಧ್ಯೆ! ಕೆ.ಎಸ್.ನ. 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ. ಇಡೀ ನಾಡು ಅದನ್ನ ಹಾಡ್ತಾ ಇದ್ದರೂ ಕವಿ ಮಾತ್ರ ಸರ್ಕಾರಿ ಕಚೇರಿಗೆ ಹೋಗಿಬರ್ತಾನೇ ಇದ್ದರು, ರಿಟೈರ್ ಆಗಿದ್ದು ಹೌಸಿಂಗ್ ಬೋರ್ಡಿನಿಂದ. ಮೂರ್ತಿರಾಯರು ಇಂಗ್ಲಿಷ್ ಮೇಷ್ಟರು. 'ದೇವರು' ಪುಸ್ತಕ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ನಾಗೇಗೌಡರು ಐಎಎಸ್ ಅಧಿಕಾರಿ. ಜಾನಪದ ಪರಿಷತ್ತು ಕಟ್ಟಿದ್ದು 1979ರಲ್ಲಿ, ಜಾನಪದ ಲೋಕ ಬಾಗಿಲು ತೆರೆದಿದ್ದು 1994ರಲ್ಲಿ, ಅಂದರೆ ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ.

ನಮಗೆ ದಿನಾ ಬರೋ ರೀಲ್ಸುಗಳಲ್ಲಿ ಬೇರೆಯೇ ಕಥೆ ಇರುತ್ತೆ. ಲಕ್ಷ ಲಕ್ಷ ಸಂಬಳ ಬಿಟ್ಟ, ಊರಿಗೆ ಹೋದ, ಡ್ರ್ಯಾಗನ್ ಫ್ರೂಟ್ ಬೆಳೆದ. ಪ್ಯಾಶನ್ ಇದ್ರೆ ರಾಜೀನಾಮೆ ಕೊಡು ಅನ್ನೋದು ಅದರ ಸಾರಾಂಶ. ನಮ್ಮ ಕಡೆಯ ಇವರು ಯಾರೂ ಹಾಗೆ ಮಾಡಲಿಲ್ಲ. ತಿಂಗಳ ಸಂಬಳ ತಗೊಂಡು, ಆ ಸಂಬಳದ ಆಸರೆಯಲ್ಲೇ ಇನ್ನೊಂದು ಕೆಲಸವನ್ನ ಹತ್ತಾರು ವರ್ಷ ಬಿಡದೆ ಮಾಡಿದರು.

ಇದನ್ನ ನನಗೆ ಅತೀ ಹತ್ತಿರದಿಂದ ತೋರಿಸಿಕೊಟ್ಟವರು ಕವಿಯೂ ಅಲ್ಲ, ಅಧಿಕಾರಿಯೂ ಅಲ್ಲ. ಪಾಂಡವಪುರದ ಅಂಕೇಗೌಡರು. ಈ ವರ್ಷ, 2026ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತಲ್ಲ, ಅವರೇ.

ಚಿನಕುರಳಿಯ ರೈತರ ಮನೆಯ ಹುಡುಗ. ಓದೋ ಆಸೆ, ಪುಸ್ತಕ ಸಿಗದ ಕಾಲ. ಇಪ್ಪತ್ತರ ಆಸುಪಾಸಿನಲ್ಲಿ ಬಸ್ ಕಂಡಕ್ಟರ್ ಆಗಿದ್ದಾಗಲೇ ಪುಸ್ತಕ ಕೊಳ್ಳೋಕೆ ಶುರು ಮಾಡಿದರು. ಆಮೇಲೆ ಕನ್ನಡದಲ್ಲಿ ಎಂ.ಎ. ಮಾಡಿಕೊಂಡು, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂವತ್ತು ವರ್ಷ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೆ ಹೋಯ್ತು. ಸಾಲದೆ ಬಂದಾಗ ಮೈಸೂರಿನಲ್ಲಿದ್ದ ಮನೆಯನ್ನೂ ಮಾರಿದರು. ಈಗ ಪಾಂಡವಪುರದ ಪಕ್ಕದ ಹರಳಹಳ್ಳಿಯಲ್ಲಿ ಅವರ 'ಪುಸ್ತಕ ಮನೆ' ಇದೆ. ಪುಸ್ತಕದ ಸಂಖ್ಯೆ ಸುಮಾರು 20 ಲಕ್ಷ, ಭಾಷೆಗಳು ಇಪ್ಪತ್ತರಷ್ಟು. ಸದಸ್ಯತ್ವ ಶುಲ್ಕ ಇಲ್ಲ. ಗಂಡ, ಹೆಂಡತಿ ಇರೋದೂ ಆ ಪುಸ್ತಕಗಳ ನಡುವೆಯೇ.

ಸಕ್ಕರೆ ಕಾರ್ಖಾನೆಯ ಸಂಬಳ ಅನ್ನೋ ಮಾತು ಓದಿದಾಗ ನಾನು ನಿಂತುಬಿಟ್ಟೆ. ಯಾಕಂದ್ರೆ ಆ ಸಂಬಳ ನನಗೆ ಗೊತ್ತು. ನಮ್ಮ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆ ಇದೆ, ಅಪ್ಪ ಅಲ್ಲೇ ಕೆಲಸಕ್ಕಿದ್ದರು. ಕಬ್ಬು ನುರಿಸೋ ಸೀಸನ್ನಿನಲ್ಲಿ ರಾತ್ರಿ ಶಿಫ್ಟು ಮುಗಿಸಿ ಬಂದ್ರೆ ಅಂಗಿಯಿಂದ ಕಾಕಂಬಿ ವಾಸನೆ. ಅವ್ವ ಒಣಗಿ ಹಾಕಿದ ಬಟ್ಟೆ ಮೇಲೆ ಕರೀ ಬೂದಿ. ಆ ಸಂಬಳದಲ್ಲಿ ಏನೇನು ಬರುತ್ತೆ, ಏನೇನು ಬರಲ್ಲ ಅಂತ ನನಗೆ ಬಾಯಿಪಾಠ. ಒಂದು ಸೈಕಲ್ಲು, ಅಕ್ಕನ ಮದುವೆಯ ಸಾಲ, ನನ್ನ ಕಾಲೇಜು ಫೀಸು, ಕೊನೆಗೆ ಎರಡು ರೂಮಿನ ಆರ್‌ಸಿಸಿ ಮನೆ. ಅದರಲ್ಲಿ ಲಕ್ಷಗಟ್ಟಲೆ ಪುಸ್ತಕ ಹೇಗೆ ಬರುತ್ತೆ?

ಅಪ್ಪನಿಗೆ ಹೇಳಿದೆ. ಪದ್ಮಶ್ರೀ ಅಂದಾಗ ಖುಷಿಪಟ್ಟರು. ಮನೆ ಮಾರಿದ ವಿಷಯ ಬಂದಾಗ ಮುಖ ಬದಲಾಯ್ತು.

"ಮನೆ ಮಾರ್ಬುಟ್ಟು ಪುಸ್ತಕ ತಗಂಡ್ರಾ? ಎಂಗ್ಲಾ ಮನಸ್ಸು ಬಂತು?"

"ನೋಡ್ಕೊಂಡು ಬರಾನಾ ಅಪ್ಪ?"

"ನಡಿ ಮತ್ತೆ."

ಒಂದು ಶನಿವಾರ ಹೋದ್ವಿ. ಲೈಬ್ರರಿ ಅಂದ್ರೆ ನಮ್ಮ ಕಣ್ಮುಂದೆ ಬರೋ ಚಿತ್ರ ಬೇರೆ. ಸಾಲು ಬೀರು, ನಂಬರು ಚೀಟಿ, 'ನಿಶ್ಶಬ್ದ' ಅನ್ನೋ ಬೋರ್ಡು. ಇಲ್ಲಿ ಕಪಾಟು ತುಂಬಿ ನೆಲಕ್ಕೆ ಇಳಿದಿದೆ, ನೆಲದಿಂದ ಮತ್ತೆ ಎದೆಮಟ್ಟ ಎದ್ದಿದೆ. ಮಧ್ಯದಲ್ಲಿ ಒಬ್ಬರು ಅಡ್ಡಡ್ಡ ನಡೆಯೋಷ್ಟು ದಾರಿ. ನಿಘಂಟುಗಳ ಪಕ್ಕ ಹಳೇ ಮಾಸಪತ್ರಿಕೆ, ಅದರ ಪಕ್ಕ ಇಂಗ್ಲಿಷ್ ಕಾದಂಬರಿ, ಅದರಡಿ ವಿಜ್ಞಾನ. ಇನ್ನೂ ಬಿಚ್ಚದ ಮೂಟೆಗಳು ಬೇರೆ. ಒಂದು ಪುಸ್ತಕ ಬೇಕು ಅಂತ ಹೋದ್ರೆ ನಾವೇ ಹುಡುಕ್ಕೋಬೇಕು. ಹುಡುಕೋದು ಸಿಗುತ್ತೋ ಇಲ್ವೋ, ಹುಡುಕದೆ ಇದ್ದದ್ದು ಮಾತ್ರ ಖಂಡಿತ ಸಿಗುತ್ತೆ.

ನಾನು ಅರ್ಧ ಗಂಟೆ ಬಿಟ್ಟು ಅಪ್ಪನ್ನ ಹುಡುಕಿದಾಗ ಅವರು ಒಂದು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ದರು. ಕೈಯಲ್ಲಿ ಹಳೇ ಪ್ರೈಮರಿ ಸ್ಕೂಲಿನ ಕನ್ನಡ ಪಠ್ಯಪುಸ್ತಕ. ತುಟಿ ಅಲ್ಲಾಡಿಸ್ತಾ ಓದ್ತಾ ಇದ್ದರು. ಎಬ್ಬಿಸೋಕೆ ಮನಸ್ಸಾಗಲಿಲ್ಲ, ನಾನೂ ಪಕ್ಕದಲ್ಲಿ ಒಂದು ಪುಸ್ತಕ ಎಳ್ಕೊಂಡು ಕೂತೆ.

ವಾಪಸ್ ಬರುವಾಗ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವರೇ ಅಂದ್ರು: "ಇಬ್ರುದೂ ಅದೇ ಕಾರ್ಖಾನೆ ಸಂಬ್ಳ ಕಣ್ಲಾ. ನಾವು ಮನೆ ಕಟ್ಟುದ್ವಿ, ಅವ್ರು ಮಾರುದ್ರು. ನಮ್ಮನೇಗೆ ನಾವ್ ನಾಕ್ ಜನ. ಅವ್ರ ಮನೇಗೆ ಯಾರ್ ಬೇಕಾದ್ರೂ ಹೋಗ್ಬೋದು."

ಮನೆಗೆ ಬಂದು ಅವ್ವನಿಗೆ ಎಲ್ಲ ವಿವರಿಸಿದ್ವಿ. ಸೊಪ್ಪು ಬಿಡಿಸ್ತಾ ಕೇಳಿಸಿಕೊಂಡ ಅವ್ವ ಒಂದೇ ಮಾತು ಕೇಳಿದರು. "ಆಯ್ತು, ಆ ಮನೆ ಹೆಂಗ್ಸು ಏನಂದ್ಲಂತೆ?"

ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಯಾವ ಪತ್ರಿಕೆಯ ಶೀರ್ಷಿಕೆಯಲ್ಲೂ ಅದು ಇರಲ್ಲ. ಒಬ್ಬರು ಸಂಬಳವನ್ನ ಪುಸ್ತಕಕ್ಕೆ ಹಾಕಿದ್ರೆ, ಇನ್ನೊಬ್ಬರು ಮಿಕ್ಕಿದ್ದರಲ್ಲಿ ಅಡುಗೆ ಮಾಡಿರ್ತಾರೆ, ಮಗುವನ್ನ ಬೆಳೆಸಿರ್ತಾರೆ, ಪುಸ್ತಕದ ಸಂದಿಯಲ್ಲಿ ಹಾಸಿಗೆ ಹಾಸಿರ್ತಾರೆ. ಪ್ರಶಸ್ತಿಯಲ್ಲಿ ಒಂದೇ ಹೆಸರು ಬರೆಯೋಕೆ ಜಾಗ ಇರುತ್ತೆ. ನಾವು 'ಸಾಧಕರು' ಅಂತ ಬರೆಯುವಾಗಲಾದ್ರೂ ಮನೆಯವರನ್ನ ಸೇರಿಸಿ ಲೆಕ್ಕ ಹಾಕಬೇಕು. ನಾಲ್ಕು ಸಾವಿರ ರೂಪಾಯಿಯ ಶೂ ಕೊಳ್ಳೋಕೂ ಇಎಂಐ ಮಾಡೋ ನಮಗೆ ಆ ತ್ಯಾಗದ ತೂಕ ಅಂದಾಜು ಮಾಡೋದು ಕಷ್ಟ.

ಈಗ ನನ್ನ ಚಿಂತೆ ಬೇರೆ. ಇಪ್ಪತ್ತು ಲಕ್ಷ ಪುಸ್ತಕ ಒಬ್ಬ ಮನುಷ್ಯನ ಜೀವಮಾನದಲ್ಲಿ ಸೇರಬಹುದು, ಸೇರಿದೆ. ಆದರೆ ಅಷ್ಟನ್ನ ಒಂದು ಕುಟುಂಬ ಜೋಡಿಸಿ, ಪಟ್ಟಿ ಮಾಡಿ, ಗೆದ್ದಲು, ತೇವದಿಂದ ಕಾಪಾಡೋಕೆ ಆಗುತ್ತಾ? ದಿನಕ್ಕೆ ನೂರು ಪುಸ್ತಕದ ವಿವರ ಬರೆದುಕೊಂಡರೂ 20 ಸಾವಿರ ದಿನ ಬೇಕು. ಅಂದರೆ ಐವತ್ತು ವರ್ಷಕ್ಕೂ ಹೆಚ್ಚು. ಅಷ್ಟು ಹೊತ್ತಿಗೆ ಕೆಳಗಿನ ಸಾಲಿನ ಕಾಗದ ಪುಡಿಯಾಗಿರುತ್ತೆ. ಅದೇ ನೂರು ಜನ, ತಿಂಗಳಿಗೆ ಎರಡು ಶನಿವಾರ, ಕೈಯಲ್ಲಿ ಫೋನು ಹಿಡ್ಕೊಂಡು ಕೂತರೆ? ಒಬ್ಬೊಬ್ಬರು ಒಂದು ದಿನಕ್ಕೆ ಇನ್ನೂರು ಅಂತ ಇಟ್ಕೊಂಡ್ರೂ ನಾಲ್ಕೂವರೆ ವರ್ಷದೊಳಗೆ ಮುಗಿಯುತ್ತೆ. ಪಟ್ಟಿ ಮಾಡೋದು, ಬಾರ್‌ಕೋಡ್ ಅಂಟಿಸೋದು, ಎಕ್ಸೆಲ್ ಶೀಟು ತುಂಬೋದು... ಸ್ವಲ್ಪ ಯೋಚನೆ ಮಾಡಿ, ನಾವೆಲ್ಲ ಬೆಂಗಳೂರಿನಲ್ಲಿ ಸಂಬಳ ತಗೊಂಡು ಮಾಡೋದು ಇನ್ನೇನು? ಕೆಲಸ ಬಿಡೋದು ಬೇಡ, ಮನೆ ಮಾರೋದು ಬೇಡ. ಕೆಲಸದಲ್ಲೇ ಕಲಿತದ್ದನ್ನ ಎರಡು ಶನಿವಾರಕ್ಕೆ ತಗೊಂಡು ಹೋದರೆ ಸಾಕು.

ಹಾಗಾಗಿ ನನ್ನ ಒಂದು ಕೋರಿಕೆ. ಈ ಸಲ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಹತ್ರ ಹೈವೇ ಬಿಟ್ಟು ಪಾಂಡವಪುರದ ಕಡೆ ತಿರುಗಿಸಿ. ನಿಮ್ಮ ಮನೆಯ ಹಳೇ ಪುಸ್ತಕಗಳನ್ನ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗೋ ಮುಂಚೆ ಸ್ವಲ್ಪ ಯೋಚಿಸಿ, ಅಲ್ಲಿ ಪುಸ್ತಕಕ್ಕೆ ಬರ ಇಲ್ಲ, ಕೈಗಳಿಗೆ ಬರ. ಅರ್ಧ ದಿನ ಇರೋ ಹಾಗೆ ಹೋಗಿ. ಮೊದಲು ಏನಾದ್ರೂ ಓದಿ, ಆಮೇಲೆ ನಾನೇನು ಮಾಡಬಹುದು ಅಂತ ಮನೆಯವರನ್ನೇ ಕೇಳಿ. ಮತ್ತೆ, ಬಿಳೀ ಶರ್ಟು ಹಾಕ್ಕೊಂಡು ಹೋಗ್ಬೇಡಿ. ಧೂಳು ಹತ್ತುತ್ತೆ.